ಮೊಣಕಾಲುದ್ದದ ಕಡಲು

ನವೆಂಬರ್ ಬಂತೆಂದರೆ ನೋಯ್ಡಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಎರಡೇ ಮಾತು. ಇವತ್ತು ಹೊಗೆ ಎಷ್ಟಿದೆ, ಡಿಸೆಂಬರ್ ರಜೆಗೆ ಎಲ್ಲಿಗೆ. ಮೇಲಿನ ಮನೆಯವರು ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ ಬಂದವರು. ಅಲ್ಲಿ ಎಲಫೊನಿಸಿ ಎಂಬ ಜಾಗದಲ್ಲಿ ಸೀರೆ ನೆನೆಯದಷ್ಟೇ ನೀರಿನಲ್ಲಿ ನಡೆದು ಪಕ್ಕದ ಪುಟ್ಟ ದ್ವೀಪಕ್ಕೆ ದಾಟಿದ್ದನ್ನು ಅವರು ಫೋನಿನಲ್ಲಿ ತೋರಿಸುತ್ತಾರೆ. ನಸುಗೆಂಪು ಮರಳು, ತಳ ಕಾಣುವ ತಿಳಿನೀರು. ನನಗೆ ಆ ಚಿತ್ರಗಳೆಂದರೆ ನಿಜಕ್ಕೂ ಇಷ್ಟ. ಕ್ರೀಟನ್ನು ಸುತ್ತಿರುವ ಮೆಡಿಟರೇನಿಯನ್ ಸಮುದ್ರದ ಬಾಯಿ ಜಿಬ್ರಾಲ್ಟರಿನಲ್ಲಿ 14 ಕಿಲೋಮೀಟರಿನಷ್ಟೇ ಅಗಲ. ಅಟ್ಲಾಂಟಿಕದ ಭರತ ಅಷ್ಟು ಸಣ್ಣ ಬಾಗಿಲಲ್ಲಿ ನುಗ್ಗಲಾರದು. ಹಾಗಾಗಿ ಅಲ್ಲಿನ ಹೆಚ್ಚಿನ ದಂಡೆಗಳಲ್ಲಿ ನೀರು ಏರುವುದು ಇಳಿಯುವುದು ಒಂದು ಗೇಣಿನಷ್ಟು. ಬೆಳಿಗ್ಗೆ ಬುಟ್ಟಿ ಇಟ್ಟ ಜಾಗದಲ್ಲೇ ಸಂಜೆಯೂ ಬುಟ್ಟಿ ಒಣಗಿಯೇ ಇರುತ್ತದೆ. ಮಕ್ಕಳನ್ನು ಬಿಟ್ಟು ಕೂರಲು ಅಂಥ ಕಡಲು ಬೇಕು.

"ನಿಮ್ಮದು ಎಲ್ಲಿಗೆ?" ಎಂದು ಅವರು ಕೇಳುತ್ತಾರೆ. ನಾನು ಕಾರವಾರ ಎನ್ನುತ್ತೇನೆ. ಗೋವಾದ ಪಕ್ಕ ಎಂದು ಸೇರಿಸಬೇಕಾಗುತ್ತದೆ. ಅದೊಂದು ಮಾತು ನನಗೆ ಸೇರುವುದಿಲ್ಲ. ಕಾರವಾರ ಕಾರವಾರವೇ, ಗೋವಾದ ಪಕ್ಕದ್ದಲ್ಲ.

ನಾನು ಅಲ್ಲಿ ಹುಟ್ಟಿದವಳು. ಗಂಡನ ಮನೆ ಬಾಗಲಕೋಟೆ ಕಡೆ. ಮಗಳು ಹುಟ್ಟಿದ್ದು ಬೆಳೆದಿದ್ದು ಇಲ್ಲೇ. ಯಮುನೆಯ ಆಚೆ ದಡದಲ್ಲಿ ಬೆಳೆಯುವ ಮಗುವಿಗೆ ನೀರು ಅಂದರೆ ಏನು ಎಂಬುದನ್ನು ನಾನು ತಡವಾಗಿ ತಿಳಿದೆ. 1376 ಕಿಲೋಮೀಟರ್ ಹರಿಯುವ ನದಿ ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿಲೋಮೀಟರಿನಲ್ಲಿ ದಿಲ್ಲಿಯ ಮೋರಿಗಳನ್ನೆಲ್ಲ ನುಂಗುತ್ತದೆ. ಮಳೆಗಾಲ ಮುಗಿದು ಹರಿವು ಕಡಿಮೆಯಾದಾಗ ಸೋಪಿನ ಪುಡಿಯ ಫಾಸ್ಫೇಟು, ಕೊಳಚೆ ಎಲ್ಲ ಕೂಡಿ ಓಖ್ಲಾ ಬ್ಯಾರೇಜಿನಿಂದ ಕೆಳಗೆ ಬೀಳುವಾಗ ಕಾಲಿಂದಿ ಕುಂಜದ ಬಳಿ ಬೆಳ್ಳನೆಯ ನೊರೆ ಏಳುತ್ತದೆ. ಛಠ್ ಹಬ್ಬದ ಹೊತ್ತಿಗೆ ಸರಿಯಾಗಿ. ಆ ನೊರೆಯ ನಡುವೆ ಸೊಂಟದವರೆಗೆ ನಿಂತು ಸೂರ್ಯನಿಗೆ ಕೈ ಮುಗಿಯುವ ಹೆಂಗಸರನ್ನು ಕಂಡು ನನಗೆ ಕಣ್ಣು ತುಂಬಿ ಬಂದದ್ದುಂಟು. ಅವರ ಭಕ್ತಿಗೆ ಆ ನೀರು ತಕ್ಕದ್ದಲ್ಲ. ಮಗಳು ಶಾಲೆಯ ಬಸ್ಸಿನ ಕಿಟಕಿಯಿಂದ ನೋಡಿದ್ದು ಅದೇ ನೊರೆ. ಮೊದಲ ಸಲ ಕಾರವಾರದ ದಂಡೆಗೆ ಕರೆದೊಯ್ದಾಗ, ಮರಳಿಗೆ ಬಂದು ಒಡೆದ ತೆರೆಯ ಅಂಚಿನ ಬಿಳುಪು ನೋಡಿ ಅವಳು ಹಿಂದೆ ಸರಿದು ನನ್ನ ಸೆರಗು ಹಿಡಿದಳು.

"ಅಮ್ಮಾ, ಝಾಗ್! ಮುಟ್ಟಬಾರದು ಅಂತ ಮ್ಯಾಮ್ ಹೇಳಿದಾರೆ."

ನಾನು ಬಗ್ಗಿ ಒಂದು ಬೊಗಸೆ ನೊರೆ ತೆಗೆದು ಅವಳ ಮುಂದೆ ಹಿಡಿದೆ. ಅದು ಒಡೆದು, ಸೋರಿ, ಉಪ್ಪುನೀರಷ್ಟೇ ಉಳಿಯಿತು. ಮೂಸಿ ನೋಡಿದಳು. ಆಮೇಲೆ ಕಾಲಿಟ್ಟಳು.

ದಿಲ್ಲಿಯಿಂದ ಅಲ್ಲಿಗೆ ಹೋಗುವುದು ಈಗ ಸುಲಭ. ಬೆಳಗಿನ ಜಾವ ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಆಗ್ರಾ, ಝಾನ್ಸಿ, ಭೋಪಾಲ, ನಾಸಿಕ ದಾಟಿ, ಪನ್ವೇಲಿನ ಮೇಲೆ ಕೊಂಕಣದ ಸುರಂಗಗಳನ್ನು ಹಾಯ್ದು, ಮರುದಿನ ಶಿರವಾಡದ ಕಾರವಾರ ನಿಲ್ದಾಣ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವವರೆಗೆ ನಮ್ಮ ಜಿಲ್ಲೆಯ ದಿಲ್ಲಿವಾಸಿಗಳಿಗೆ ಊರಿಗೆ ಹೋಗುವುದೆಂದರೆ ರೈಲು ಬದಲಿಸಿ, ಕೊನೆಗೆ ಘಟ್ಟದ ಬಸ್ಸಿನಲ್ಲಿ ಮೈ ನುಜ್ಜುಗುಜ್ಜಾಗುವ ಪ್ರಯಾಣ. ಹಳಬರು ಕರ್ನಾಟಕ ಸಂಘದಲ್ಲಿ ಸೇರಿದಾಗ ಅದನ್ನು ಈಗಲೂ ಹೇಳುತ್ತಾರೆ.

ಕಾರವಾರದ ಕೊಲ್ಲಿ ಉತ್ತರದಲ್ಲಿ ಕೋಡಿಬಾಗದ ಬಳಿ ಕಾಳಿ ನದಿಯ ಅಳಿವೆಯಿಂದ ಶುರುವಾಗಿ ದಕ್ಷಿಣದಲ್ಲಿ ಬೈತಕೋಲದ ಗುಡ್ಡಕ್ಕೆ ಮುಗಿಯುತ್ತದೆ. ಆ ಗುಡ್ಡ ಸಮುದ್ರದೊಳಕ್ಕೆ ಮೊಣಕೈ ಚಾಚಿ ನಿಂತಿದೆ; ನೈಋತ್ಯದ ಅಲೆ ಮೊದಲು ಅದಕ್ಕೆ ಬಡಿದು ಸುಸ್ತಾಗಬೇಕು. ಎದುರಿಗೆ ಕೂರ್ಮಗಡ ದ್ವೀಪ, ಅದರಾಚೆ 1864ರ ದೀಪಸ್ತಂಭ ಹೊತ್ತ ದೇವಗಡ, ದಕ್ಷಿಣಕ್ಕೆ ಅಂಜುದೀವ. ಇಷ್ಟು ಕಾವಲು ದಾಟಿ ಒಳಗೆ ಬರುವ ತೆರೆ ಚಳಿಗಾಲದ ಬೆಳಿಗ್ಗೆ ದಂಡೆಗೆ ಮುಟ್ಟುವಾಗ ಗೇಣುದ್ದವಾಗಿರುತ್ತದೆ. ಮರಳು ಎಷ್ಟು ನಿಧಾನವಾಗಿ ಇಳಿಯುತ್ತದೆಂದರೆ ಎಷ್ಟೋ ದೂರ ನಡೆದರೂ ಸೊಂಟ ಮುಳುಗುವುದಿಲ್ಲ. ಮಧ್ಯಾಹ್ನ ಕಳೆದ ಮೇಲೆ ವಾಯುವ್ಯದ ಗಾಳಿ ಎದ್ದು ನೀರು ಸ್ವಲ್ಪ ಕದಡುತ್ತದೆ. ಮಕ್ಕಳನ್ನು ಇಳಿಸುವುದಾದರೆ ಬೆಳಿಗ್ಗೆಯೇ ಚೆಂದ. ಕ್ರೀಟಿನ ಹಾಗೆ ನೀರು ಇದ್ದಲ್ಲೇ ಇರುವುದಿಲ್ಲ. ಇಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಭರತಕ್ಕೂ ಇಳಿತಕ್ಕೂ ಆಳೆತ್ತರದ ವ್ಯತ್ಯಾಸ. ನನಗೆ ಇದೇ ಹೆಚ್ಚು ಪ್ರಿಯ. ನೀರು ಹಿಂದೆ ಸರಿದಾಗ ಬಯಲಾಗುವ ಹಸಿ ಮರಳಿನಲ್ಲಿ ಏಡಿಗಳು ಉರುಳಿಸಿಟ್ಟ ಗುಂಡುಗಳು, ಚಿಪ್ಪು ಹೆಕ್ಕುವ ಹೆಂಗಸರು, ಕ್ರಿಕೆಟ್ ಆಡುವ ಹುಡುಗರು. ಆರು ತಾಸಿಗೆ ಅದೇ ಜಾಗ ಮತ್ತೆ ಕಡಲು.

ಅತ್ತೆಯವರು ನಮ್ಮ ಜೊತೆ ಬರಲು ಒಪ್ಪಿದ್ದು ಬಹಳ ಗೋಗರೆದ ಮೇಲೆ. ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಯರ ಸೆಳವು ನೋಡಿ ಬೆಳೆದವರು. ದೊಡ್ಡ ನೀರೆಂದರೆ ಅವರಿಗೆ ಎದೆ ನಡುಕ. ಮಂಡಿ ನೋವು ಬೇರೆ. ಗಾಳಿಮರದ ನೆರಳಲ್ಲಿ ಕುರ್ಚಿ ಹಾಕಿಕೊಟ್ಟರೆ ಅಲ್ಲೇ ಇರುತ್ತೇನೆ ಎಂದಿದ್ದರು. ಎರಡನೆಯ ಬೆಳಿಗ್ಗೆ ನೋಡುತ್ತೇನೆ, ಮೊಮ್ಮಗಳ ಕೈ ಹಿಡಿದು ನೀರಿಗೆ ಇಳಿದಿದ್ದಾರೆ.

"ಅತ್ತೀ, ಜೋಪಾನ ರೀ," ಎಂದು ಓಡಿದೆ.

"ಇಷ್ಟ ನೀರಾಗ ಏನಾಕೈತಿ ಬಿಡವ್ವಾ, ನಾ ಇಲ್ಲೇ ಕೂಡ್ರತೇನಿ," ಎಂದವರೇ ಇಳಕಲ್ ಸೀರೆ ಸಮೇತ ಮರಳಿನ ಮೇಲೆ ಕಾಲು ಚಾಚಿ ಕುಳಿತೇಬಿಟ್ಟರು. ತೆರೆ ಬಂದು ಮಂಡಿ ಮುಳುಗಿಸಿ ಹಿಂದೆ ಹೋಯಿತು. "ಹೊಳಿ ಆದ್ರ ಎಳಕೊಂಡು ಹೊಕ್ಕೈತಿ. ಇದು ನೋಡು, ಬಂದು ಮಾತಾಡಿಸಿ ಹೊಕ್ಕೈತಿ."

ಕಡಲ ತಡಿಯಲ್ಲಿ ಹುಟ್ಟಿದ ನನಗೆ ಆ ಮಾತು ಹೊಳೆದಿರಲಿಲ್ಲ. ನಮಗೆ ಕಡಲು ಅಂದರೆ ದುಡಿಮೆ, ಮಳೆಗಾಲದ ಭಯ, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಿಟಕಿ ಸರಳು. ಹೆದರಿದವರಿಗೆ, ಈಜು ಬಾರದವರಿಗೆ, ಕಾಲು ಸೋತವರಿಗೆ, ಬಯಲುಸೀಮೆಯಿಂದ ಬಂದವರಿಗೆ ಸಿಗುವ ಕಡಲು ಇಂಥ ಕೊಲ್ಲಿ ಮಾತ್ರ. ಉಳಿದ ಕಡಲನ್ನು ಅವರು ದೂರದಿಂದ ನೋಡಿಯಾರು, ಅಷ್ಟೇ.

ಹೀಗೆ ದೂರದಿಂದ ಬಂದು ಈ ಕೊಲ್ಲಿಗೆ ಸೋತವರಲ್ಲಿ ಹೆಸರಾದವರು ರವೀಂದ್ರನಾಥ ಟಾಗೋರರು. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಹೊಕ್ಕ ಮೊದಲ ಭಾರತೀಯ, ಇಲ್ಲಿ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತೆರಡರ ತಮ್ಮ ಬಂದು ಉಳಿದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲಿ. ತಮ್ಮ ಜೀವನಸ್ಮೃತಿಯಲ್ಲಿ ಕಾರವಾರಕ್ಕೇ ಒಂದು ಅಧ್ಯಾಯ ಕೊಟ್ಟಿದ್ದಾರೆ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ಹಿಂದಿರುಗುವಾಗ ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ ಸಂಗತಿ ಅದರಲ್ಲಿದೆ. ದಂಡೆಗೆ ಈಗ ಅವರ ಹೆಸರೇ ಇದೆ. ಅವರು ಕಂಡ ಗಾಳಿಮರದ ತೋಪು ಅಷ್ಟು ದಟ್ಟವಾಗಿ ಉಳಿದಿಲ್ಲ. ಆ ಜಾಗದಲ್ಲಿ ಹೆದ್ದಾರಿಯ ಸದ್ದಿದೆ.

ಬೆಳಿಗ್ಗೆ ಬೇಗ ಹೋದರೆ ಏಂಡಿ ಬಲೆ ಎಳೆಯುವುದನ್ನು ನೋಡಬಹುದು. ದೋಣಿ ದಂಡೆಯಿಂದ ಹೊರಟು ಅರ್ಧ ಸುತ್ತು ಬಲೆ ಬಿಡುತ್ತ ಬಂದು ಮತ್ತೆ ದಂಡೆ ಮುಟ್ಟುತ್ತದೆ. ಎರಡೂ ತುದಿಯ ಹಗ್ಗ ಹಿಡಿದು ಗಂಡಸರು ಹೆಂಗಸರು ಹಿಮ್ಮುಖವಾಗಿ ಹೆಜ್ಜೆ ಇಡುತ್ತ ಎಳೆಯುತ್ತಾರೆ. ತಳದಲ್ಲಿ ಬಂಡೆಯಿದ್ದರೆ ಬಲೆ ಹರಿದುಹೋಗುತ್ತದೆ, ಆಳವಿದ್ದರೆ ಮೀನು ಅಡಿಯಿಂದ ತಪ್ಪಿಸಿಕೊಳ್ಳುತ್ತದೆ. ತೆಳುನೀರು, ಬರೀ ಮರಳು, ಸಣ್ಣ ತೆರೆ, ಈ ಮೂರೂ ಕೂಡಿದ ಕಡೆ ಮಾತ್ರ ಈ ಬೇಟೆ ಸಾಗುತ್ತದೆ. ಇದಕ್ಕಿಂತ ಬಹಳ ದೊಡ್ಡದಾದ ರಂಪಣಿ ಬಲೆಗೆ ಒಂದು ಕಾಲದಲ್ಲಿ ಊರಿಗೆ ಊರೇ ಕೈ ಹಾಕುತ್ತಿತ್ತು. 70ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಬಂಗಡೆಯ ಹಿಂಡನ್ನು ಹೊರಗಡಲಲ್ಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಸೊರಗಿತು. ಏಂಡಿ ಉಳಿದಿದೆ. ಮಗಳೂ ಹಗ್ಗ ಹಿಡಿದಳು. ಬಲೆಯ ಹೊಟ್ಟೆ ಮರಳಿಗೆ ಬಂದಾಗ ತಾರಲೆ, ಶೆಟ್ಲಿ, ನಾಲ್ಕಾರು ಬಂಗಡೆ. ಹಗ್ಗ ಹಿಡಿದವರಿಗೆ ಪಾಲು ಎಂದು ಒಬ್ಬ ಅಜ್ಜಿ ಅವಳ ಬುಟ್ಟಿಗೆ ಒಂದು ಹಿಡಿ ಹಾಕಿದರು. ಅತ್ತೆಯವರು ಮೀನು ಮುಟ್ಟುವವರಲ್ಲ. ಆದರೂ ಮೊಮ್ಮಗಳ ಸಂಪಾದನೆ ಎಂದು ಬುಟ್ಟಿ ಹಿಡಿದುಕೊಂಡು ನಡೆದರು.

ಶಾಂತವಾದ ನೀರನ್ನು ಬಯಸುವವರು ನಾವಷ್ಟೇ ಅಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಯನ್ನು ಸಾಗಿಸಲು ಬ್ರಿಟಿಷರ ಕಣ್ಣು ಬಿದ್ದದ್ದು ಈ ಕೊಲ್ಲಿಯ ಮೇಲೆ. 1862ರಲ್ಲಿ ಜಿಲ್ಲೆಯನ್ನೇ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅತ್ತೆಯವರ ಸೀಮೆಯ ಹತ್ತಿ ಅರಬೈಲ್ ಘಟ್ಟ ಇಳಿದು ಕಡಲಿಗೆ ಬಂದದ್ದು ಆಗ. ಬೈತಕೋಲದ ಆಚೆ ಬಿಣಗಾ, ಅರ್ಗಾಗಳೂ ಇಂಥವೇ ಮರೆಯ ಕೊಲ್ಲಿಗಳು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಅರ್ಗಾದಲ್ಲಿ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಕೆಲಸ ಶುರುಮಾಡಿತು. ದೇಶಕ್ಕೆ ನೆಲೆ ಬೇಕಿತ್ತು, ಹಡಗುಗಳಿಗೆ ಮರೆ ಬೇಕಿತ್ತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಂಡೆ ಬಿಟ್ಟು ಎದ್ದವು. ಅರ್ಗಾದ ಮರಳಿನಲ್ಲಿ ಆಡಿ ಬೆಳೆದವರು ಈಗ ಹೆದ್ದಾರಿಯ ಪಕ್ಕದ ಗೋಡೆ ನೋಡುತ್ತ ಹೋಗುತ್ತಾರೆ. ದಿಲ್ಲಿಯಲ್ಲಿ ಕರ್ತವ್ಯಪಥದ ಮೇಲೆ ಜನವರಿ 26ರಂದು ನೌಕಾಪಡೆಯ ತುಕಡಿ ಸಾಗುವಾಗ ನನಗೆ ಹೆಮ್ಮೆಯೂ ಆಗುತ್ತದೆ, ಆ ಮನೆಗಳೂ ನೆನಪಾಗುತ್ತವೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆಂದು ಟಾಗೋರ್ ದಂಡೆಯ ಕಡೆ ಅಲೆತಡೆ ಕಟ್ಟಲು ಹೊರಟಾಗ ಮೀನುಗಾರರು, ಹೆಂಗಸರು, ಅಂಗಡಿಯವರು ಎಲ್ಲ ಬೀದಿಗಿಳಿದರು; ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ಅವರ ಹಟ ನನಗೆ ಪೂರ್ತಿ ಸರಿಯೆನಿಸುತ್ತದೆ. ಊರಿಗೆ ಉಳಿದಿರುವ ದೊಡ್ಡ ದಂಡೆ ಇದೊಂದೇ. ಏಂಡಿ ಎಳೆಯಲೂ ಮುದುಕಿಯರು ಕಾಲು ಚಾಚಲೂ ಅಷ್ಟು ಮರಳನ್ನು ಬಿಡಬೇಕು.

ನೀರು ಶಾಂತವಾಗಿ ಕಂಡಿತೆಂದು ಲಘುವಾಗಿ ಎಣಿಸಬಾರದು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಜನ. ಎಷ್ಟೋ ಮಂದಿಗೆ ಲೈಫ್ ಜಾಕೆಟ್ ಇರಲಿಲ್ಲ. ಸತ್ತವರಲ್ಲಿ ಹಾವೇರಿ ಕಡೆಯವರಿದ್ದರು, ಮಕ್ಕಳಿದ್ದರು. ದಂಡೆಯಲ್ಲಿ ಮೊಣಕಾಲುದ್ದ ಇರುವ ಕಡಲು ಅರ್ಧ ತಾಸು ದೋಣಿಯಲ್ಲಿ ಹೋದರೆ ಬೇರೆಯೇ ಕಡಲು, ಅಳಿವೆಯ ದಿಬ್ಬದ ಬಳಿ ಇನ್ನೂ ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ದಂಡೆಯಲ್ಲೂ ಇಳಿಯಬಾರದು.

ಆ ಜಾತ್ರೆ ನಡೆಯುವ ಪುಷ್ಯ ಹುಣ್ಣಿಮೆ ಈ ಸಲ ಶಾಲೆಯ ರಜೆಯೊಳಗೇ ಬರುತ್ತದೆ. ಅತ್ತೆಯವರು ನರಸಿಂಹನಿಗೆ ಬಾಳೆಗೊನೆ ಹರಕೆ ಹೊತ್ತು ಕೂತಿದ್ದಾರೆ. ದೋಣಿಯಲ್ಲಿ ಜನ ಎಣಿಸಿಯೇ ಹತ್ತುವುದು, ಎಲ್ಲರೂ ಲೈಫ್ ಜಾಕೆಟ್ ಹಾಕುವುದು, ಗಾಳಿ ಏಳುವ ಮೊದಲೇ ದಂಡೆಗೆ ಮರಳುವುದು ಎಂದು ಹೇಳಿದ್ದೇನೆ. ಒಪ್ಪಿದ್ದಾರೆ. ಇಳಕಲ್ ಸೀರೆಯ ಮೇಲೆ ಆ ಕಿತ್ತಳೆ ಬಣ್ಣದ ಜಾಕೆಟ್ಟಿನ ದಾರ ಎಲ್ಲಿ ಕಟ್ಟಬೇಕು ಎಂಬುದೊಂದನ್ನೇ ನಿನ್ನೆ ರಾತ್ರಿ ಕೇಳಿದರು. ಟಿಕೆಟ್ ಅರವತ್ತು ದಿನ ಮೊದಲು ತೆರೆಯುತ್ತದೆ. ಅವರಿಗೆ ಕೆಳಗಿನ ಬರ್ತೇ ಆಗಬೇಕು.