ಸ್ಥಳಾಂತರವೆಂಬ ಶಬ್ದ

2019ರ ಮಳೆಗಾಲಕ್ಕೆ ಮುನ್ನ ಧರ್ಮಗುರುಗಳಿಗಾಗಿ ಏರ್ಪಡಿಸಿದ್ದ ವಿಪತ್ತು ನಿರ್ವಹಣೆಯ ಶಿಬಿರಕ್ಕೆ ನಾವೂ ಹೋಗಿದ್ದೆವು. ಮಠಾಧೀಶರು, ಮೌಲವಿಗಳು, ಪಾದ್ರಿಗಳು ಒಂದೆಡೆ ಕುಳಿತು, ಖಾಲಿ ಕೊಡಗಳನ್ನು ಬಿದಿರಿಗೆ ಬಿಗಿದು ತೆಪ್ಪ ಮಾಡಲು ಕಲಿತದ್ದು ನೋಡತಕ್ಕ ದೃಶ್ಯವಾಗಿತ್ತು. ವೃದ್ಧರು, ಗರ್ಭಿಣಿಯರು, ನಡೆಯಲಾರದವರು ಯಾವ ಯಾವ ಮನೆಗಳಲ್ಲಿದ್ದಾರೆಂಬ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಬೇಕೆಂದು ಅಲ್ಲಿ ಹೇಳಿಕೊಟ್ಟರು.

ಮರುವಾರ ಕೃಷ್ಣೆಯ ದಂಡೆಯ ನಮ್ಮ ಶಾಖಾಮಠದ ಗ್ರಾಮದಲ್ಲಿ ಸೋಮವಾರದ ಪ್ರವಚನವಿತ್ತು. ಕಲಿತ ಉತ್ಸಾಹದಲ್ಲಿ, "ಸದ್ಭಕ್ತರೆಲ್ಲರೂ ಸ್ಥಳಾಂತರಕ್ಕೆ ಸಿದ್ಧರಿರಬೇಕು, ಶ್ರೀಮಠದಿಂದ ಮನೆಮನೆಯ ಪಟ್ಟಿ ತಯಾರಾಗುವುದು" ಎಂದುಬಿಟ್ಟೆವು. ಸಭೆ ಸ್ತಬ್ಧವಾಯಿತು. ಪ್ರಸಾದದ ಪಂಕ್ತಿಯಲ್ಲೂ ಮಾತಿಲ್ಲ. ಮುಂದಿನ ಸೋಮವಾರ ಬಂದವರು ಅರ್ಧದಷ್ಟು ಜನ ಮಾತ್ರ. ಕೊನೆಗೆ ವೃದ್ಧರೊಬ್ಬರು ಎದ್ದು ನಿಂತು ಕೇಳಿದರು: "ಅಪ್ಪಾರ, ಊರು ಬಿಡಸಾಕ ನಿಮ್ಮನ್ನ ಕಳಿಸ್ಯಾರೇನ್ರಿ?"

ಆಗ ನಮಗೆ ತಿಳಿಯಿತು. ಶಿಬಿರದಲ್ಲಿ ಆ ಶಬ್ದಕ್ಕೆ ನಾಲ್ಕು ದಿನ ಎತ್ತರದ ಜಾಗಕ್ಕೆ ಹೋಗಿರುವುದೆಂದಷ್ಟೇ ಅರ್ಥ. ಈ ದಂಡೆಯ ಜನರಿಗೆ ಅದು ಆಲಮಟ್ಟಿಯ ಹಿನ್ನೀರು. ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ ನವನಗರ ಎದ್ದದ್ದನ್ನು ಅವರು ಕಂಡವರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನೇ ನಾರಾಯಣಪುರದ ಹಿನ್ನೀರಿನಿಂದ ಉಳಿಸಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಬೇಕಾಗಿ ಬಂದದ್ದನ್ನೂ ಬಲ್ಲವರು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಾಧಿಕರಣ ಒಪ್ಪಿದ ಮೇಲಂತೂ, ಯಾರೇ ಪಟ್ಟಿ ಹಿಡಿದು ಬಂದರೂ ಅದು ಮನೆ ಕಳೆಯುವ ಪಟ್ಟಿಯೆಂದೇ ಅವರ ಭಾವನೆ. ಜಂಗಮನಿಗೆ ಊರಿಂದೂರಿಗೆ ಸಂಚರಿಸುವುದೇ ಧರ್ಮ. ನೆಲ ನಂಬಿದವನ ಕಿವಿಗೆ ಅದೇ ಮಾತು ಹೇಗೆ ಬೀಳುವುದೆಂದು ನಾವು ಯೋಚಿಸಲಿಲ್ಲ. ಷಟ್‌ಸ್ಥಲದ ಮೇಲೆ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದವರು ನಾವು!

ಬಿಡಿಸಿ ಹೇಳಿದೆವು. ಹಲವರು ಒಪ್ಪಿದರು, ಆ ವೃದ್ಧರು ಒಪ್ಪಲಿಲ್ಲ. ಆಗಸ್ಟಿನಲ್ಲಿ ಮಹಾಪೂರ ಬಂತು. ಊರೆಲ್ಲ ಮಠಕ್ಕೆ ಬಂದರೂ ಅವರು ಬಾಗಿಲಲ್ಲೇ ಕುಳಿತರು. ಎರಡನೆಯ ದಿನ ದೋಣಿಯಲ್ಲಿ ಕರೆತಂದಾಗ ಮೈ ಕೊರಡಾಗಿತ್ತು; ಕಟ್ಟಿದ್ದ ಎರಡು ಎಮ್ಮೆಗಳು ಉಳಿಯಲಿಲ್ಲ. ನಮ್ಮನ್ನು ಅವರು ದೂರಲಿಲ್ಲ. ದೂರಿದ್ದರೆ ಸಮಾಧಾನವಾಗುತ್ತಿತ್ತು.

ಅಂದಿನಿಂದ ಆ ಶಬ್ದವನ್ನು ನಾವು ಬಳಸುತ್ತಿಲ್ಲ. "ನೀರು ಇಳಿಯೂತನಕ ಮಠದಾಗ ಇರ್ರಿ" ಎನ್ನುತ್ತೇವೆ. ಪಟ್ಟಿಯ ವಹಿಯೂ ಮಠದಲ್ಲಿಲ್ಲ. ಊರಿನ ಹೆಣ್ಣುಮಕ್ಕಳೇ ಇಟ್ಟುಕೊಂಡಿದ್ದಾರೆ. ಮರುವರ್ಷ ಅದನ್ನು ಬರೆಯುವಾಗ ಆ ವೃದ್ಧರು ತಾವಾಗಿಯೇ ಬಂದು ಕುಳಿತರು. "ನನ್ನ ಹೆಸರು ಬರ್ಕೋರಿ, ಹೊಸಾ ಎಮ್ಮಿ ಒಂದೈತಿ, ಅದನ್ನೂ ಬರ್ಕೋರಿ. ಮನಿ ನಂಬರ್ ಬ್ಯಾಡ" ಎಂದರು. ಹಾಗೆಯೇ ಬರೆಸಿದೆವು.