ಖಣಿ ಕಾಕಾ ಹಕ್ಕಿ ನೋಡಲು ಹೋದದ್ದು

ನಮ್ಮ ಭಂಕೂರಿನ ಸೀಮೆಯಲ್ಲಿ ಗುಡ್ಡ ಅಂತ ಬೆರಳು ಮಾಡಿ ತೋರಿಸುವುದಿದ್ದರೆ ಅದು ಖಣಿಯಿಂದ ಎತ್ತಿ ಒಗೆದ ಒಡಕು ಕಲ್ಲಿನ ರಾಶಿ. ಇಲ್ಲಿನ ಜನ ನೆಲದ ಮೇಲೆ ಏರಿದವರಲ್ಲ, ನೆಲದೊಳಗೆ ಇಳಿದವರು. ಶಹಾಬಾದ್ ಫರಸಿ ಅಂತ ಊರೂರಿನ ಮನೆ, ಮಠ, ಶಾಲೆ, ರೈಲ್ವೆ ಸ್ಟೇಷನ್ನುಗಳಲ್ಲಿ ಹಾಸಿದ್ದಾರಲ್ಲ, ಅದು ಈ ನೆಲದಿಂದ ಪದರು ಪದರಾಗಿ ಎದ್ದು ಹೋದದ್ದು. ಅಂಥ ಊರಲ್ಲಿ ಕೂತು "ಗುಡ್ಡಕ್ಕೆ ಹೋಗಿ ಹಕ್ಕಿ ನೋಡಿ ಬರತೀವಿ" ಅಂದರೆ ಯಾರು ನಗುವುದಿಲ್ಲ ಹೇಳ್ರಿ? ಮನೆಯಲ್ಲಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಮ್ಮ ಕಾಕಾ. ಹರೆಯದಿಂದ ಮುಪ್ಪಿನ ತನಕ ಖಣಿಯಲ್ಲಿ ಹಾರೆ, ಸುತ್ತಿಗೆ ಹಿಡಿದ ಮನುಷ್ಯ. "ಹಕ್ಕಿ ನೋಡ್ಲಿಕ್ಕ ರೊಕ್ಕ ಕೊಟ್ಟು ಹೋಗ್ಲತ್ತೀರಿ? ನಮ್ಮ ಬೇವಿನ ಗಿಡದಾಗ ಪುಕ್ಕಟ ಕೂತಾವಲ್ಲೋ!"

ಆದರೆ ಹೊರಡುವ ದಿನ ಜೀಪಿನಲ್ಲಿ ಮೊದಲು ಹತ್ತಿ ಕೂತವನೂ ಅವನೇ. ಚಿಂಚೋಳಿಯಲ್ಲಿ ನಮ್ಮ ಬೀಗರ ಮನೆ ಅದೆ. ಮದುವೆ ಮಾತು ಅರ್ಧಕ್ಕೆ ನಿಂತಿತ್ತು. "ನಾ ನಿಮ್ಮ ಹಕ್ಕಿಗಿ ಬರ್ಲತ್ತಿಲ್ಲ, ಬೀಗರ ಮನಿಗಿ ಬರ್ಲತ್ತೀನಿ" ಅಂತ ಮೊದಲೇ ಹೇಳಿಬಿಟ್ಟ. ಈ ತಿರುಗಾಟ ಹೊಂದಿಸಿದವನು ನನ್ನ ಗೆಳೆಯ, ಹೈಸ್ಕೂಲ್ ಮಾಸ್ತರ. ಕೊರಳಲ್ಲಿ ಬೈನಾಕ್ಯುಲರ್, ಹೆಗಲಿಗೆ ಉದ್ದ ಲೆನ್ಸಿನ ಕ್ಯಾಮೆರಾ, ಚೀಲದಲ್ಲಿ ಹಕ್ಕಿ ಪುಸ್ತಕ. ಕಾಕಾನ ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ.

ಶಿವರಾತ್ರಿ ಹತ್ತಿರ ಬಂದಿತ್ತು. ಚಳಿ ಇನ್ನೂ ಕಾಲು ಕಿತ್ತಿರಲಿಲ್ಲ. ವಾಡಿ, ಚಿತ್ತಾಪುರ, ಸೇಡಂ ದಾಟುವ ತನಕ ಸಿಮೆಂಟ್ ಕಾರ್ಖಾನೆಗಳ ದೀಪ, ತೊಗರಿ ಕೊಯ್ದ ಬೋಳು ಹೊಲ, ನಡುನಡುವೆ ಬಿಳಿಜೋಳ. ರಾತ್ರಿ ಬೀಗರಲ್ಲಿ ಉಳಿದು, ನಸುಕಿನಲ್ಲಿ ಚಂದ್ರಂಪಳ್ಳಿಯ ದಾರಿ ಹಿಡಿದೆವು. ಚಿಂಚೋಳಿ ದಾಟಿದ ಮೇಲೆ ನೆಲ ಮೆಲ್ಲಗೆ ಏರುತ್ತದೆ, ಎರೆಮಣ್ಣಿನ ಕಪ್ಪು ಹೋಗಿ ಕೆಂಪು ಬರುತ್ತದೆ. ಬೀಗರ ಮನೆಯಲ್ಲೇ ಇದ್ದು ಚಹಾ ಕುಡಿಯಬೇಕಾಗಿದ್ದ ಕಾಕಾ, "ಮುಂಜಾನಿ ಮಂದಿ ಏಳೋತನಕಾ ಅಲ್ಲಿ ಕೂತು ಏನ್ ಮಾಡ್ಲಿ" ಅಂತ ಜೊತೆಗೇ ಹೊರಟಿದ್ದ.

ಚಿಂಚೋಳಿಯ ಈ ಕಾಡನ್ನು ಸರಕಾರ ವನ್ಯಧಾಮ ಅಂತ ಘೋಷಿಸಿದ್ದು 2011ರಲ್ಲಿ. ಹರವು 134.88 ಚದರ ಕಿಲೋಮೀಟರು. ಸಹ್ಯಾದ್ರಿಯ ಹಾಗೆ ಮಳೆ ಸುರಿದು ಬೆಳೆದ ಕಾಡಲ್ಲ, ಬಿಸಿಲು ಉಂಡು ಬೆಳೆದ ಕುರುಚಲು ಮತ್ತು ಎಲೆ ಉದುರುವ ಮರಗಳ ಕಾಡು. ತೇಗ, ಶ್ರೀಗಂಧ, ಮುತ್ತಲ, ನಡುವೆ ಚಂದ್ರಂಪಳ್ಳಿ ಕೆರೆ, ಅಂಚಿಗೆ ತಾಂಡಾಗಳು, ಒಂದು ಕಡೆ ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನ, ಆಚೆ ತೆಲಂಗಾಣ. ಇಲ್ಲಿಯ ಹಳ್ಳದ ನೀರು ಮುಲ್ಲಾಮಾರಿಗೆ ಬೀಳುತ್ತದೆ, ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ನಮ್ಮ ಶಹಾಬಾದಿನ ಹತ್ತಿರ ಹರಿದು ಭೀಮೆಗೆ. ಮಾಸ್ತರ ಇದನ್ನು ಬಿಡಿಸಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಇಲ್ಲಿ ಹಕ್ಕಿ ಕುಡದು ಬಿಟ್ಟ ನೀರೇ ನಾವು ಕುಡ್ಯೋದು" ಅಂದ.

ಗೈಡ್ ದಾರಿಯಲ್ಲಿ ಕಾಯುತ್ತಿದ್ದ. ಹತ್ತಿರದ ತಾಂಡಾದ ಹುಡುಗ, ಮಾಸಿದ ಹಸಿರು ಅಂಗಿ, ತಲೆಗೆ ಮಫ್ಲರ್. ಮೊದಲು ಕಾಕಾನಿಗೆ ಕೈ ಮುಗಿದು "ಮುತ್ಯಾ, ಚಳಿ ಅದ, ಶಾಲು ಹೊಚ್ಕೋರಿ" ಅಂದ. ಆಮೇಲೆ ನಮ್ಮ ಕಡೆ ತಿರುಗಿ ಕಟ್ಟಳೆ ಹೇಳಿದ. ಮಾತು ಕಡಿಮೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿ ಕರೆಯುವಂತಿಲ್ಲ; ಅದು ತನ್ನ ಸೀಮೆಗೆ ಇನ್ನೊಂದು ಗಂಡು ನುಗ್ಗಿತು ಅಂತ ತಿಳಿದು, ಮೇಯುವುದು ಬಿಟ್ಟು ಜಗಳಕ್ಕೆ ಬರುತ್ತದೆ. "ಬೆಳಕು ಆಗೋತನಕಾ ಕಣ್ಣಿಗಿ ಕೆಲಸಿಲ್ರಿ. ಕಿವಿ ತೆರಕೊಂಡು ನಿಂದರ್ರಿ."

ಜೀಪಿನ ದೀಪ ಆರಿಸಿದೆವು. ಕತ್ತಲು. ಸ್ವಲ್ಪ ಹೊತ್ತಾದ ಮೇಲೆ ಕಾಕಾ ಪಿಸುಗುಟ್ಟಿದ, "ಇಷ್ಟೊತ್ತಿಗಿ ಯಾರೋ ಕಲ್ಲು ಕೆತ್ಲತ್ತಾರ."

ನಮಗೆ ಏನೂ ಕೇಳಿಸಿರಲಿಲ್ಲ. ಉಸಿರು ಹಿಡಿದಾಗ ಕೇಳಿತು: ಚುಕ್, ಚುಕ್, ಚುಕ್, ಕೊನೆಗೊಂದು ಚುಕರ್ರ್. ಗೈಡ್ ಹುಡುಗನ ಮುಖ ಕಾಣಲಿಲ್ಲ, ದನಿಯಲ್ಲಿ ಮಾತ್ರ ನಗೆ ಇತ್ತು. "ಕಲ್ಲಲ್ಲ ಮುತ್ಯಾ, ನತ್ತಿಂಗ. ದಾರಿ ಮ್ಯಾಲೇ ಕೂತಾದ. ಕೂತಲ್ಲಿ ಮಣ್ಣು ಯಾವುದು, ಹಕ್ಕಿ ಯಾವುದು ತಿಳಿಯಂಗಿಲ್ಲ. ಇನ್ನೊಂದಿಷ್ಟು ಹೊತ್ತಿಗಿ ಬಾಯಿ ಮುಚ್ಚತದ, ಹಗಲು ಅದಕ್ಕ ರಾತ್ರಿ." ಹಾಗೇ ಆಯಿತು. ಮೂಡಣ ತಿಳಿಯಾಗುತ್ತಲೇ ನತ್ತಿಂಗ ನಿಂತಿತು, ಕುರುಚಲಿನಿಂದ ಗೌಜಲ ಹಕ್ಕಿ ಶುರು ಮಾಡಿತು. ಒಂದು ಕೂಗಿದರೆ ಮತ್ತೊಂದು ಎದುರುತ್ತರ. ಅದರ ಹಿಂದೆ ನವಿಲು, ಹರಟೆಮಲ್ಲಗಳ ಗದ್ದಲ, ಕೆರೆಯ ಕಡೆಯಿಂದ ಟಿಟ್ಟಿಭ.

ಬೆಳಕು ಬಂತು. ಗುಡ್ಡದ ಇಳಿಜಾರಿನ ಮುತ್ತಲ ಗಿಡಗಳಲ್ಲಿ ಒಂದೂ ಎಲೆ ಇರಲಿಲ್ಲ, ಕೊನೆಯಿಂದ ಬುಡದವರೆಗೆ ಹೂವು. ಆ ಹೂವಿನ ಜೇನಿಗೆ ಇಡೀ ಕಾಡು ನೆರೆದಿತ್ತು: ಸೂರಕ್ಕಿ, ಎಲೆಹಕ್ಕಿ, ಕಾಜಾಣ, ಕೆಂದಲೆ ಗಿಳಿ. ಗೈಡ್ ಹುಡುಗ ಬಂದವರಿಂದ ಕಲಿತ ರೀತಿಯಲ್ಲಿ ಗಡಿಯಾರದ ಲೆಕ್ಕ ಹೇಳಿದ, "ಹತ್ತು ಗಂಟೆಗಿ ನೋಡ್ರಿ, ಗುಲಾಬಿ ಮೈನಾ." ಕಾಕಾ ಜೇಬಿನಿಂದ ಫೋನ್ ತೆಗೆದು ನೋಡಿ, "ಇನ್ನಾ ಏಳು ಆಗಿಲ್ಲ ತಮ್ಮಾ. ಹತ್ತರ ತನಕಾ ಇಲ್ಲೇ ಕೂಡೋದೇನು?" ಅಂದ. ಮಾಸ್ತರ ನಗು ತಡೆಯಲಾರದೆ ಮರದ ಹಿಂದೆ ಹೋದ. ಅಲ್ಲಿಂದ ಮುಂದೆ ಆ ಹುಡುಗ ಗಡಿಯಾರ ಬಿಟ್ಟು "ಮೂಡಲಕ್ಕ", "ಬಡಗಲಕ್ಕ", "ಕೆರಿ ಬಾಜೂಕ" ಅಂತ ಹೇಳತೊಡಗಿದ.

ಗುಲಾಬಿ ಮೈನಾ ಮಾತ್ರ ಕಾಕಾನಿಗೆ ಹೊಸದಲ್ಲ. "ಇವು ಜ್ವಾಳದ ಕಳ್ಳರು!" ಅಂದ. ಹುಡುಗನಿದ್ದಾಗ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಓಡಿಸಿದ್ದನಂತೆ. ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ನಸುಗೆಂಪು ಮೈ. ಇವು ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ, ನಮ್ಮಲ್ಲಿ ಜೋಳ ತೆನೆಗಟ್ಟುವ ಕಾಲಕ್ಕೆ ದಖ್ಖನಿಗೆ ಇಳಿದು, ಬೇಸಿಗೆ ಏರುವ ಹೊತ್ತಿಗೆ ಮರಳುತ್ತವೆ. ತೆನೆ ತಿನ್ನುವುದು ನಿಜ. ಆದರೆ ತಮ್ಮ ನಾಡಿನಲ್ಲಿ ಮಿಡತೆಯ ಹಿಂಡನ್ನೇ ಮುಗಿಸುವಂಥವು. "ಅಷ್ಟು ದೂರದಿಂದ ಬಂದು ನಮ್ಮ ಜ್ವಾಳ ಉಣತಾವಂದ್ರ ನಮ್ಮ ಜ್ವಾಳ ಛಲೋನೇ ಇರಬೇಕು" ಅಂದ ಕಾಕಾ. ಹಳೆಯ ಸಿಟ್ಟಿನ ಜಾಗದಲ್ಲಿ ತುಸು ಹೆಮ್ಮೆ ಬಂದಿತ್ತು.

ಮಾಸ್ತರ ಪುಸ್ತಕ ತೆರೆದು ಸಾಲಿಂ ಅಲಿಯವರ ಮಾತು ತೆಗೆದ. 1931–32ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು, ಪತ್ನಿ ತೆಹ್ಮಿನಾ ಜೊತೆಗಿದ್ದರು. ಆಗ ನಮ್ಮ ಕಲಬುರಗಿ ಜಿಲ್ಲೆಯೂ ನಿಜಾಮನ ರಾಜ್ಯದಲ್ಲೇ ಇತ್ತು. 1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಬಂದ ಮೇಲೆ ಸಾಮಾನ್ಯರೂ ಪುಸ್ತಕ ಹಿಡಿದು ಹಕ್ಕಿ ಗುರುತಿಸುವ ರೂಢಿ ಬೆಳೆಯಿತು. ಗೈಡ್ ಹುಡುಗ ಎಲ್ಲ ಕೇಳಿ, "ನಮ್ಮಜ್ಜಗ ಪುಸ್ತಕ ಇರಲಿಲ್ರಿ. ದನ ಮೇಸ್ತಾ ಮೇಸ್ತಾ ಕಲ್ತಾನ, ಅವನ ಹಿಂದ ತಿರಗಿ ನಾ ಕಲ್ತೀನಿ" ಅಂದ. ಬೇಟೆಯ ಕಾಲದಲ್ಲಿ ಬಂದ ವಿದ್ಯೆ ಈಗ ತೋರಿಸುವ ಕೆಲಸಕ್ಕೆ ಬಂದಿದೆ ಅನ್ನುವುದನ್ನೂ ಮುಚ್ಚಿಡಲಿಲ್ಲ.

ಆ ಮುಂಜಾವಿನ ದೊಡ್ಡ ಪ್ರಸಂಗ ಆಗಿದ್ದು ಆಮೇಲೆ. ಎಲ್ಲೋ ಮೇಲಿಂದ "ಟೊಂಕ್, ಟೊಂಕ್, ಟೊಂಕ್" ಅಂತ ಬಿಡುವಿಲ್ಲದ ಸಪ್ಪಳ. ಚಿಟ್ಟುಕುಟುರ. ಗುಬ್ಬಿಗಿಂತ ತುಸು ದೊಡ್ಡದು, ಹಸಿರು ಮೈ, ಹಳದಿ ಕೊರಳು, ಹಣೆಗೆ ಕೆಂಪು. ಕಂಚುಗಾರ ಪಾತ್ರೆ ಬಡಿದ ಹಾಗೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಕೂಗುತ್ತದೆ, ಅದೂ ಕೊಕ್ಕು ಮುಚ್ಚಿಕೊಂಡು, ಗಂಟಲು ಉಬ್ಬಿಸಿ. ಮಾಸ್ತರ ಕ್ಯಾಮೆರಾ ಎತ್ತಿ ಎಡಕ್ಕೆ ಓಡಿದ. ಸಪ್ಪಳ ಬಲಕ್ಕೆ ಹೋಯಿತು. ಬಲಕ್ಕೆ ಬಂದ. ಸಪ್ಪಳ ಹಿಂದಿನಿಂದ. ನಾನೂ ಅವನ ಬೆನ್ನಿಗೆ. ಗೈಡ್ ಹುಡುಗನಿಗೆ ಹಕ್ಕಿ ಎಲ್ಲಿದೆ ಅಂತ ಗೊತ್ತಿತ್ತು, ಆದರೆ ಅವನು ಕಾಕಾನನ್ನೇ ನೋಡುತ್ತ ನಿಂತಿದ್ದ.

ಕಾಕಾ ಒಂದು ಬಂಡೆಯ ಮೇಲೆ ಕೂತಿದ್ದ. ಕಣ್ಣು ಮುಚ್ಚಿತ್ತು. ಆಮೇಲೆ ಕೈಯೆತ್ತಿ ಒಂದು ಒಣಗಿದ ಮರದ ತುದಿಗೆ ತೋರಿಸಿದ. "ಅದು ಎಲ್ಲೂ ಹೋಗಿಲ್ಲ. ಅಲ್ಲೇ ಕೂತು ಬರೇ ಮುಖ ತಿರಗಸ್ಲತ್ತದ." ನೋಡಿದರೆ ಎಳೆಬಿಸಿಲು ಮೊದಲು ಮುಟ್ಟುವ ಬೋಳು ಟೊಂಗೆಯ ಮೇಲೆ ಹಕ್ಕಿ. ತಲೆ ಆ ಕಡೆ ಈ ಕಡೆ ತಿರುಗಿದಂತೆ ದನಿ ಜಾಗ ಬದಲಿಸಿದ ಹಾಗೆ ಕೇಳುತ್ತದೆ. ಹೊಸಬರೆಲ್ಲ ಅದರ ಹಿಂದೆ ಓಡಿ ದಣಿಯುತ್ತಾರೆ.

"ಹೆಂಗ ಗೊತ್ತಾತು ಮುತ್ಯಾ?" ಅಂತ ಹುಡುಗ ಕೇಳಿದ. ಕಾಕಾ ಅವನನ್ನು ಬಗಲಿಗೆ ಕೂಡಿಸಿಕೊಂಡು ಹೇಳಿದ. ಖಣಿಯಲ್ಲಿ ಕಲ್ಲು ಎಬ್ಬಿಸುವ ಮೊದಲು ಸುತ್ತಿಗೆಯಿಂದ ತಟ್ಟುತ್ತಾರೆ. ಗಟ್ಟಿ ಕಲ್ಲು "ಠಣ್" ಅನ್ನುತ್ತದೆ, ಒಳಗೆ ಬಿರುಕಿದ್ದರೆ "ಥಪ್" ಅನ್ನುತ್ತದೆ. ಸುತ್ತ ಕಲ್ಲಿನ ಗೋಡೆ, ಒಂದು ಏಟಿಗೆ ನಾಕು ಕಡೆಯಿಂದ ಮಾರ್ದನಿ. ಅದರಲ್ಲಿ ಖರೆ ಏಟು ಯಾವುದು ಅಂತ ತಿಳಿಯದಿದ್ದರೆ, ಮೇಲಿನಿಂದ ಸಡಿಲಾದ ಕಲ್ಲು ಎತ್ತ ಜಾರುತ್ತದೆ ಅಂತ ತಿಳಿಯುವುದಿಲ್ಲ; ತಿಳಿಯದವನು ಮನೆಗೆ ಬರುವುದಿಲ್ಲ. "ಸಪ್ಪಳದ ಬೆನ್ನು ಹತ್ತಬಾರದು ತಮ್ಮಾ. ನಿಂತಲ್ಲಿ ನಿಂತು, ಯಾವ ಸಪ್ಪಳಕ್ಕ ಮೈ ಅದ, ಯಾವುದಕ್ಕ ಬರೇ ನೆರಳದ ಅಂತ ನೋಡಬೇಕು." ಹುಡುಗ ತಲೆಯಾಡಿಸಿದ. ಆಮೇಲೆ ಅವರಿಬ್ಬರೇ ಮುಂದೆ ನಡೆದರು, ನಾವು ಹಿಂದೆ.

ಕೆರೆಯ ಹತ್ತಿರ ದಾರಿ ಎರಡಾಯಿತು. ಹತ್ತಿರದ ದಾರಿ ಬಿಟ್ಟು ಹುಡುಗ ಸುತ್ತಿನ ದಾರಿ ಹಿಡಿದ. ಯಾಕೆ ಅಂದರೆ ಮೊದಲು ಹೇಳಲಿಲ್ಲ. ಮಾಸ್ತರ ಬೆನ್ನು ಹತ್ತಿದಾಗ "ಅಲ್ಲಿ ಗೂಡದ ಸರ್" ಅಂದ.

"ಯಾವ ಹಕ್ಕಿದು?"

"ಅದನ್ನ ಹೇಳಂಗಿಲ್ರಿ."

"ಒಂದೇ ಒಂದು ಫೋಟೊ. ದೂರದಿಂದ."

"ಇವತ್ತು ನಿಮ್ಮದು ಒಂದೇ ಫೋಟೊ, ನಾಳಿ ಮತ್ತೊಬ್ರದು ಒಂದೇ ಫೋಟೊ. ಗೂಡಿನ ಲೆಕ್ಕಕ್ಕ ಅದು ಒಂದೇ ಅಲ್ಲ ಸರ್." ಮನುಷ್ಯ ಹತ್ತಿರ ನಿಂತಷ್ಟು ಹೊತ್ತು ತಾಯಿ ತತ್ತಿಯ ಮೇಲೆ ಕೂಡುವುದಿಲ್ಲ. ಕಲಬುರಗಿಯ ಬಿಸಿಲಿಗೆ ತತ್ತಿ ಕೆಡಲು ಹೆಚ್ಚು ಹೊತ್ತು ಬೇಡ. ಇನ್ನು ಕಾಗೆ, ಮಟಪಕ್ಷಿ ನಮ್ಮನ್ನೇ ನೋಡುತ್ತಿರುತ್ತವೆ; ನಾವು ಬಗ್ಗಿ ನೋಡಿದ ಜಾಗಕ್ಕೆ ನಾವು ಹೋದ ಮೇಲೆ ಬರುತ್ತವೆ. ಮಾಸ್ತರ ಕ್ಯಾಮೆರಾ ಚೀಲಕ್ಕೆ ಹಾಕಿದ. ಕಾಕಾ ಏನೂ ಮಾತಾಡಲಿಲ್ಲ. ಆ ಹುಡುಗನ ಬೆನ್ನ ಮೇಲೆ ಒಂದು ಸಲ ಕೈ ಇಟ್ಟ, ಅಷ್ಟೇ.

ಕೆರೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಎಲ್ಲರೂ ಉಂಡೆವು. ಬೀಗರ ಮನೆಯ ಮಾತೂ ಮುಗಿಯಿತು. ತಿರುಗಿ ಬರುವಾಗ ಸೇಡಂ ದಾರಿಯ ತಂತಿಯ ಮೇಲೆ ನೀಲಕಂಠ ಕೂತಿತ್ತು, ನಮ್ಮ ರಾಜ್ಯದ ಹಕ್ಕಿ. ಹಾರಿದಾಗ ರೆಕ್ಕೆಯ ನೀಲಿ ಬಿಚ್ಚಿಕೊಂಡಿತು. ದಸರೆಗೆ ಅದನ್ನು ನೋಡಿದರೆ ಶುಭ ಅನ್ನುವವರು ನಾವು; ಕಾಕಾ ಕೈ ಮುಗಿದ. ಮಾಸ್ತರ ಸುಮ್ಮನಿರದೆ "ಕಾಕಾ, ಗೂಬಿ ಕಂಡ್ರೂ ಹಿಂಗ ಕೈ ಮುಗೀತೀರೇನು?" ಅಂತ ಕೆಣಕಿದ. ಕಾಕಾ ಕಿಟಕಿಯ ಆಚೆ ನೋಡುತ್ತ ಕೂತ. ಊರು ಬರುವ ತನಕ ಮಾತಿಲ್ಲ.

ಮುಂದಿನ ವಾರ ಸಂಜೆ ತಾನೇ ನಮ್ಮಿಬ್ಬರನ್ನು ಕರೆದುಕೊಂಡು ಹೋದ. ಕೆಲಸ ನಿಂತು ನೀರು ತುಂಬಿದ ಒಂದು ಹಳೆಯ ಖಣಿ. ದಂಡೆಯಿಂದ ದೂರ, ಕಲ್ಲಿನ ಮರೆಯಲ್ಲಿ ಕೂಡಿಸಿದ. ಹೊತ್ತು ಮುಳುಗಿದ ಮೇಲೆ ಎದುರಿನ ಗೋಡೆಯಿಂದ ಗಂಭೀರವಾದ "ಬೂ... ಬೂ". ಕಲ್ಲಿನ ಪಡಿಯ ಮೇಲೆ ಕಿವಿಯ ಹಾಗೆ ನೆಟ್ಟಗೆ ನಿಂತ ಗರಿ, ಕಿತ್ತಳೆ ಕಣ್ಣು: ಕೊಂಬಿನ ಗೂಬೆ. ಇದು ಗೂಡು ಕಟ್ಟುವುದಿಲ್ಲ, ಇಂಥ ಪಡಿಯ ಬರಿ ನೆಲದ ಮೇಲೆ ತತ್ತಿ ಇಡುತ್ತದೆ. ಸುತ್ತಲಿನ ಜೋಳದ ಹೊಲದ ಇಲಿಗಳೇ ಇದರ ಮುಖ್ಯ ಊಟ.

"ಎಷ್ಟು ವರ್ಷದಿಂದ ಅದ ಇಲ್ಲಿ?" ಅಂದೆ.

"ನಾವು ಈ ಖಣಿ ಬಿಟ್ಟಾಗಿನಿಂದ. ಇದಲ್ಲ ಅಂದ್ರ ಇದರ ಅಪ್ಪ."

"ಮತ್ತ ಒಂದಿನಾನೂ ಹೇಳಲಿಲ್ಲಲ್ಲ ಕಾಕಾ!"

"ಹೇಳಿದ್ರ ಬಿಡ್ತಿದ್ದಿರೇನು? ಊರಿಗಿ ಕೇಡು ಅಂತ ನಿಮ್ಮವ್ವ ಬೈತಿದ್ಳು, ನೀವು ಹುಡುಗ್ರು ಕಲ್ಲು ಹೊಡೀತಿದ್ರಿ. ಆ ತಾಂಡಾದ ಹುಡುಗ ದಾರಿ ಬಿಟ್ಟು ನಡದ ನೋಡು, ನಾ ಇಷ್ಟು ವರ್ಷ ಅದನ್ನೇ ಮಾಡೀನಿ."

ಖಣಿಯ ಮನುಷ್ಯನಿಗೆ ಹಕ್ಕಿಯ ಗೊಡವೆ ಏನು ಅಂತ ಅಂದುಕೊಂಡಿದ್ದ ಮನೆಯವರಿಗೆ ಈ ಗೂಬೆಯ ಸುದ್ದಿ ಈಗಲೂ ತಿಳಿದಿಲ್ಲ. ನಿಮಗೆ ಹೇಳಿದೆ, ಹಕ್ಕಿಯ ಮಾತು ಬಂತು ಅಂತ. ಅದು ಯಾವ ಖಣಿ ಅನ್ನುವುದೊಂದನ್ನು ಮಾತ್ರ ಕೇಳಬ್ಯಾಡ್ರಿ. ಮಾಸ್ತರನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.