ಆನೆಮರಿ ಹೋಯಿತು, ಆಮೆ ಬಂತು

ಮಕ್ಕಳೇ, ಮೊದಲು ಒಂದು ಒಗಟು. ಕಣ್ಣಿಲ್ಲ, ಕಿವಿಯಿಲ್ಲ; ಬಾಲವುಂಟು, ಹೊಟ್ಟೆಯುಂಟು. ನೀರಿನಲ್ಲೇ ಇದ್ದರೂ ಮೀನಲ್ಲ, ತಳದ ಕಸ ತಿಂದರೂ ಆಮೆಯಲ್ಲ. ಏನದು?

ನಿಮ್ಮ ಅಜ್ಜ ಅಜ್ಜಿಗೂ ಇದು ಹೊಳೆಯಲಿಕ್ಕಿಲ್ಲ. ಉತ್ತರ: ಈಜುಕೊಳ ಗುಡಿಸುವ ಯಂತ್ರ. ಕಸಪೊರಕೆ ಹಿಡಿದು ಅಂಗಳ ಗುಡಿಸುವುದನ್ನು ನೋಡಿದ್ದೀರಿ. ಬೇಸಿಗೆಯಲ್ಲಿ ಬಾವಿಗೆ ಇಳಿದು ಕೆಸರು ತೆಗೆಯುವುದನ್ನು ನಿಮ್ಮ ಅಜ್ಜಂದಿರು ನೋಡಿದ್ದಾರೆ. ಆದರೆ ನೀರು ತುಂಬಿರುವಾಗಲೇ, ಯಾರೂ ಇಳಿಯದೆ, ತಳವನ್ನು ಗುಡಿಸುವ ಯಂತ್ರ ನಮ್ಮ ಕಡೆ ಅಪರೂಪ. ನಾನೂ ಎಪ್ಪತ್ತು ದಾಟಿದ ಮೇಲೆಯೇ ಅದರ ಮುಖ ನೋಡಿದ್ದು.

ನಮ್ಮ ಮಗಳ ಮನೆ ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್ ಎಂಬ ಊರಿನಲ್ಲಿದೆ, ಫೀನಿಕ್ಸ್ ನಗರಕ್ಕೆ ಅಂಟಿಕೊಂಡಂತೆ. ಅದು ಮರುಭೂಮಿ. ಜೂನ್ ತಿಂಗಳಲ್ಲಿ ಬಿಸಿಲು ನಲವತ್ತೈದು ಡಿಗ್ರಿ ಮುಟ್ಟುತ್ತದೆ. ಅಂಥ ಕಡೆ ಹಿತ್ತಲಲ್ಲಿ ಈಜುಕೊಳ ಇಟ್ಟುಕೊಳ್ಳುವುದು ಶ್ರೀಮಂತರ ಶೋಕಿಯಲ್ಲ. ಸಾಧಾರಣ ಸಂಬಳದವರ ಮನೆಯಲ್ಲೂ ಇರುತ್ತದೆ. ಮಗಳ ಮನೆಯ ಕೊಳದಲ್ಲಿ ಹಿಡಿಯುವ ನೀರು ಹದಿನೈದು ಸಾವಿರ ಗ್ಯಾಲನ್, ಅಂದರೆ ಸುಮಾರು 57,000 ಲೀಟರ್. ಅದನ್ನು ಚೊಕ್ಕಟವಾಗಿಡುವುದು ಸುಲಭವಲ್ಲ. ವಸಂತದಲ್ಲಿ ಪಾಲೋ ವರ್ಡೆ ಎಂಬ ಮರ ಹಳದಿ ಹೂ ಸುರಿಸುತ್ತದೆ. ಅದು ಆ ರಾಜ್ಯದ ಮರ, ಕಾಂಡವೂ ಹಸಿರು. ಗೋಡೆಯ ಮೇಲಿನ ಕಾಗದದ ಹೂವಿನ ಬಳ್ಳಿಯಂತೂ ವರ್ಷವಿಡೀ ಉದುರಿಸುತ್ತದೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿಯವರೂ 'ಮಾನ್ಸೂನ್' ಎಂದೇ ಕರೆಯುವ ಕಾಲ. ಮಳೆಗಿಂತ ಮೊದಲು ಬರುವುದು ಧೂಳಿನ ಗೋಡೆ. ಅದಕ್ಕೆ 'ಹಬೂಬ್' ಎಂಬ ಅರಬ್ಬಿ ಹೆಸರು. ಒಂದು ಹಬೂಬ್ ಬಂದು ಹೋದರೆ ಕೊಳದ ತಳದಲ್ಲಿ ರಾಗಿಹಿಟ್ಟು ಚೆಲ್ಲಿದಂತೆ ಮಣ್ಣು ಕೂತಿರುತ್ತದೆ.

ಆ ಮನೆಯಲ್ಲಿ ಹಳೆಯದೊಂದು ಗುಡಿಸುವ ಯಂತ್ರವಿತ್ತು. ಮೂರು ಚಕ್ರ, ಬೆನ್ನ ಮೇಲೆ ಚೀಲ, ಹಿಂದೆ ಉದ್ದ ಬಾಲ. ನನ್ನ ಮೊಮ್ಮಗಳು, ನಾಲ್ಕನೇ ತರಗತಿಯವಳು, ಅದಕ್ಕೆ ಆನೆಮರಿ ಎಂದು ಹೆಸರಿಟ್ಟಿದ್ದಳು. "ಆನೆಗೆ ಸೊಂಡಿಲು ಮುಂದೆ ಇರುತ್ತದಲ್ಲವೇನೇ?" ಎಂದರೆ, "ಇದು ಹಿಮ್ಮುಖ ಆನೆ ತಾತ" ಎನ್ನುವಳು.

ಅದು ಕೆಲಸ ಮಾಡುತ್ತಿದ್ದುದು ನೀರಿನ ಒತ್ತಡದಿಂದ. ಕೊಳದ ನೀರನ್ನು ಶೋಧಿಸುವ ದೊಡ್ಡ ಪಂಪಿನ ಪಕ್ಕದಲ್ಲಿ ಬೂಸ್ಟರ್ ಎಂಬ ಇನ್ನೊಂದು ಪಂಪು. ಅದು ನೀರನ್ನು ರಭಸವಾಗಿ ಒಂದು ಕೊಳವೆಯ ಮೂಲಕ ಯಂತ್ರಕ್ಕೆ ನೂಕುತ್ತದೆ. ಆ ರಭಸಕ್ಕೆ ಒಳಗಿನ ಪುಟ್ಟ ಗಾಲಿ ತಿರುಗಿ ಚಕ್ರಗಳು ಉರುಳುತ್ತವೆ. ಇನ್ನಷ್ಟು ನೀರು ಯಂತ್ರದ ಗಂಟಲಿನಲ್ಲಿ ಮೇಲ್ಮುಖವಾಗಿ ಚಿಮ್ಮುತ್ತದೆ. ಬಸ್ಸು ಜೋರಾಗಿ ಹೋದಾಗ ರಸ್ತೆಯ ತರಗೆಲೆಗಳು ಅದರ ಹಿಂದೆಯೇ ಓಡುವುದನ್ನು ನೋಡಿದ್ದೀರಲ್ಲ, ಹಾಗೆಯೇ ಚಿಮ್ಮುವ ನೀರಿನ ಹಿಂದೆ ತಳದ ಕಸವೂ ಎದ್ದು ಚೀಲ ಸೇರುತ್ತದೆ. ಬಾಲದ ತುದಿಯಿಂದಲೂ ನೀರು ಹೊರಡುವುದರಿಂದ ಅದು ಹಾವಿನಂತೆ ಹೊರಳಿ ಸಣ್ಣ ಧೂಳನ್ನು ಎಬ್ಬಿಸುತ್ತದೆ. ಮೂಲೆಯಲ್ಲಿ ಸಿಕ್ಕಿಬಿದ್ದರೆ ಬಿಡಿಸಲು, ಕೆಲವು ನಿಮಿಷಕ್ಕೊಮ್ಮೆ ಹಿಂದಕ್ಕೆ ಎಳೆಯುವ ಒಂದು ಕವಾಟವೂ ಉಂಟು. ಕೆಲವೊಮ್ಮೆ ಬಾಲ ನೀರಿನ ಮೇಲೆ ಬಂದು, ದಡದಲ್ಲಿ ಕೂತು ಕಾಫಿ ಕುಡಿಯುವವರ ಮುಖಕ್ಕೆ ಪಿಚಕಾರಿ ಹೊಡೆಯುತ್ತಿತ್ತು. ಮೊಮ್ಮಗಳಿಗೆ ಅದೇ ದಿನದ ಹಬ್ಬ.

ಆನೆಮರಿಯ ಹೊಟ್ಟೆ ಖಾಲಿ ಮಾಡುವ ಕೆಲಸ ನನ್ನದಾಗಿತ್ತು. ಪರದೇಶದಲ್ಲಿ ಮಕ್ಕಳ ಮನೆಗೆ ಹೋಗಿ ಆರು ತಿಂಗಳು ಇದ್ದವರಿಗೆ ಗೊತ್ತು, ಅಲ್ಲಿ ನಮಗೆ ಕೆಲಸವೇ ಇರುವುದಿಲ್ಲ. ಪೇಟೆಗೆ ನಡೆದು ಹೋಗುವಂತಿಲ್ಲ, ಕಾರು ಓಡಿಸುವಂತಿಲ್ಲ. ನನ್ನ ಹೆಂಡತಿಗಾದರೂ ಅಡುಗೆಮನೆ ಉಂಟು. ನನಗೆ ಆ ಚೀಲ ಒಂದಿತ್ತು. ಬೆಳಿಗ್ಗೆ ಆರಕ್ಕೆ ಎದ್ದು, ಚೀಲ ಬಿಚ್ಚಿ ಹೂವನ್ನು ಗಿಡದ ಬುಡಕ್ಕೆ ಸುರಿದು, ಬಾಲದ ಸವೆದ ಬಳೆ ಬದಲಿಸಿ ಬರುವಷ್ಟರಲ್ಲಿ ಕಾಫಿಗೆ ಕರೆ ಬರುತ್ತಿತ್ತು.

ಕಳೆದ ಸಲ ಹೋದಾಗ ಬೂಸ್ಟರ್ ಪಂಪು ಸೋರಲು ಶುರುವಾಯಿತು. ಅಳಿಯ ಬಂದು ಹೇಳಿದರು, "ಮಾವ, ಇದನ್ನು ತೆಗೆದುಹಾಕಿ ರೋಬಾಟ್ ತರೋಣ ಅಂತಿದ್ದೀನಿ. ನೀವು ಲೆಕ್ಕ ಹಾಕಿ ಹೇಳಿ."

ಬಿ.ಕಾಂ. ಓದಿ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಇದಕ್ಕಿಂತ ಒಳ್ಳೆಯ ಮಾತು ಯಾವುದು? ಮೊಮ್ಮಗಳ ಗಣಿತದ ನೋಟಿನಲ್ಲಿ ಒಂದು ಹಾಳೆ ಬೇಡಿ, ನಡುವೆ ಗೆರೆ ಎಳೆದು, ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡೆ.

ಬೂಸ್ಟರ್ ಪಂಪು ಗಂಟೆಗೆ ಸುಮಾರು 1.2 ಯೂನಿಟ್ ಕರೆಂಟು ತಿನ್ನುತ್ತಿತ್ತು. ದಿನಕ್ಕೆ ಮೂರು ಗಂಟೆ, ತಿಂಗಳಿಗೆ 108 ಯೂನಿಟ್. ಊರಿನಲ್ಲಿ ನಾವಿಬ್ಬರು ತಿಂಗಳಿಡೀ ಮನೆ ನಡೆಸುವುದು ಹೆಚ್ಚುಕಡಿಮೆ ಅಷ್ಟರಲ್ಲಿಯೇ. ಹೊಸ ರೋಬಾಟಿಗೆ ಗಂಟೆಗೆ 0.18 ಯೂನಿಟ್. ಒಂದು ಸಲ ಗುಡಿಸಲು ಎರಡು ಗಂಟೆ, ದಿನ ಬಿಟ್ಟು ದಿನ ಸಾಕು. ತಿಂಗಳಿಗೆ 5.4 ಯೂನಿಟ್. ಬಿಲ್ಲಿನ ಪ್ರಕಾರ ಯೂನಿಟ್ಟಿಗೆ 14 ಸೆಂಟ್. ಹಳೆಯದಕ್ಕೆ ತಿಂಗಳಿಗೆ 15 ಡಾಲರ್ 12 ಸೆಂಟ್, ಹೊಸದಕ್ಕೆ 76 ಸೆಂಟ್. ವರ್ಷಕ್ಕೆ ಉಳಿತಾಯ 172 ಡಾಲರ್.

"ಹಾಗಾದರೆ ಈಗಲೇ ತರೋಣ ತಾತ!" ಎಂದಳು ಮೊಮ್ಮಗಳು. "ತಾಳು, ಎಡಗಡೆ ಬರೆದ ಮೇಲೆ ಬಲಗಡೆಯನ್ನೂ ಬರೆಯಬೇಕು" ಎಂದೆ. ರೋಬಾಟಿನ ಬೆಲೆ 900 ಡಾಲರ್. ಹಳೆಯದನ್ನೇ ಸರಿಮಾಡಿಸಿದರೆ ಹೊಸ ಪಂಪು, ಚೀಲ, ಟೈರು ಎಲ್ಲ ಸೇರಿ 500. ಅಂದರೆ ಹೆಚ್ಚುವರಿ ಹೂಡಿಕೆ 400. ಅದು ಕರೆಂಟಿನ ಉಳಿತಾಯದಿಂದಲೇ ಹಿಂದಿರುಗಲು ಎರಡೂಕಾಲು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ವಾರಂಟಿ ಮೂರು ವರ್ಷ. ರೋಬಾಟು ಆರು ವರ್ಷ ಬಾಳಿದರೆ ಸವಕಳಿ ವರ್ಷಕ್ಕೆ 150. ಉಳಿತಾಯ ಅದಕ್ಕಿಂತ ಹೆಚ್ಚು. ಹಳೆಯದರ ಪರವಾಗಿಯೂ ಬರೆದೆ: ದೊಡ್ಡ ಎಲೆ, ಕಡ್ಡಿ ನುಂಗುವುದರಲ್ಲಿ ಅದರ ಚೀಲವೇ ಮೇಲು, ಕೆಟ್ಟರೆ ಬಿಡಿಭಾಗ ತಂದು ಮನೆಯಲ್ಲೇ ಹಾಕಬಹುದು. ರೋಬಾಟಿನ ಮೋಟಾರು ವಾರಂಟಿ ಮುಗಿದ ಮೇಲೆ ಕೆಟ್ಟರೆ ದೊಡ್ಡ ಖರ್ಚು. ಆದರೆ ಹಬೂಬಿನ ನುಣ್ಣನೆಯ ಮಣ್ಣು ಹಳೆಯ ಚೀಲದಲ್ಲಿ ನಿಲ್ಲದೆ ಹೊರಗೆ ಸೋರುತ್ತಿತ್ತು; ರೋಬಾಟಿನ ಜಾಲರಿ ಅದನ್ನು ಹಿಡಿಯುತ್ತದೆ. ಕೊನೆಯ ಸಾಲಿನಲ್ಲಿ 'ತರಬಹುದು' ಎಂದು ಬರೆದು ಸಹಿ ಹಾಕಿದೆ. ಅದರೊಂದಿಗೆ ನನ್ನ ಬೆಳಗಿನ ಕೆಲಸಕ್ಕೂ ಸಹಿ ಬಿತ್ತು. ಲೆಕ್ಕ ಸರಿಯಿದ್ದ ಮೇಲೆ ಬೇರೆ ಬರೆಯುವುದು ನನ್ನ ಜಾಯಮಾನವಲ್ಲ.

ರೋಬಾಟು ಬಂತು. ನೋಡಲು ಆಮೆಯಂತೆ, ಅಡಿಯಲ್ಲಿ ಟ್ಯಾಂಕಿನ ಪಟ್ಟಿ, ಮುಂದೆ ಬ್ರಷ್ಷು. ಇಂಥ ಯಂತ್ರಗಳ ಕಥೆಯೂ ಸ್ವಾರಸ್ಯದ್ದು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೊವರ್ಡ್ ಆರ್ನೆಸನ್ ನೀರಿನ ಒತ್ತಡದ 'ಪೂಲ್ ಸ್ವೀಪ್' ಹೊರತಂದರು. 1974ರಲ್ಲಿ ದಕ್ಷಿಣ ಆಫ್ರಿಕಾದ ಫರ್ಡಿನೆಂಡ್ ಶಾವಿಯೇ ನೀರನ್ನು ಹೀರುವ 'ಕ್ರೀಪಿ ಕ್ರಾಲಿ' ಮಾಡಿದರು. 1983ರಲ್ಲಿ ಇಸ್ರೇಲಿನ ಇಜ್ರೆಯೆಲ್ ಎಂಬ ಕಿಬುಟ್ಸ್‌ನಲ್ಲಿ, ಅಂದರೆ ಎಲ್ಲರೂ ಸೇರಿ ದುಡಿದು ಬಾಳುವ ಹಳ್ಳಿಯಲ್ಲಿ, ಮೇಟ್ರಾನಿಕ್ಸ್ ಕಂಪೆನಿ ಹುಟ್ಟಿತು. ಅವರ 'ಡಾಲ್ಫಿನ್' ರೋಬಾಟುಗಳು ಈಗ ಅನೇಕ ದೇಶಗಳ ಕೊಳಗಳಲ್ಲಿವೆ.

ರೋಬಾಟಿಗೆ ಕೊಳದ ಪಂಪಿನ ಹಂಗಿಲ್ಲ. ಒಂದು ಮೋಟಾರು ನಡೆಸುತ್ತದೆ, ಇನ್ನೊಂದು ತಳದ ನೀರನ್ನು ಎಳೆದು ಜಾಲರಿಯಲ್ಲಿ ಸೋಸಿ ಬೆನ್ನ ಮೇಲಿಂದ ಹೊರಬಿಡುತ್ತದೆ. ಹಾಗೆ ಹೊರಬಿಟ್ಟ ನೀರಿನ ಒತ್ತಡವೇ ಯಂತ್ರವನ್ನು ತಳಕ್ಕೂ ಗೋಡೆಗೂ ಅದುಮಿ ಹಿಡಿಯುವುದರಿಂದ ಅದು ಗೋಡೆಯನ್ನೂ ಹತ್ತುತ್ತದೆ. ಮನೆಯ ಕರೆಂಟನ್ನು ಒಂದು ಪೆಟ್ಟಿಗೆ ಮೂವತ್ತು ವೋಲ್ಟಿಗಿಂತ ಕಡಿಮೆ ಮಾಡಿ ಉದ್ದದ ಕೇಬಲಿನಲ್ಲಿ ಕಳಿಸುತ್ತದೆ. ಆ ಪೆಟ್ಟಿಗೆಯನ್ನು ನೀರಿನಿಂದ ಹನ್ನೆರಡು ಅಡಿಯಾದರೂ ದೂರ ಇಡಬೇಕು. ಯಂತ್ರ ಓಡುವಾಗ ಯಾರೂ ನೀರಿಗಿಳಿಯಬಾರದು.

ಈ ಕೇಬಲಿನ ವಿಷಯಕ್ಕೇ ಒಂದು ಮಾತು ಬಂತು.

ಅರಿಜೋನಾದಲ್ಲಿ ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳ ಈಜುಕೊಳಕ್ಕೆ ಕಟ್ಟುನಿಟ್ಟಾದ ಕಾನೂನಿದೆ. ಸುತ್ತ ಬೇಲಿ ಇರಬೇಕು. ಅದರ ಗೇಟು ತಾನಾಗಿ ಮುಚ್ಚಿ, ತಾನಾಗಿ ಚಿಲಕ ಹಾಕಿಕೊಳ್ಳಬೇಕು. ಮಗಳ ಮನೆಯಲ್ಲಿ ಹಾಗೆಯೇ ಇತ್ತು. ಹಳೆಯ ಯಂತ್ರದ ಕೊಳವೆ ಕೊಳದ ಗೋಡೆಯಿಂದಲೇ ಹೊರಡುತ್ತಿದ್ದುದರಿಂದ ಗೇಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹೊಸದಕ್ಕೆ ಕರೆಂಟು ಬೇಕು. ಪ್ಲಗ್ ಇದ್ದುದು ಬೇಲಿಯ ಹೊರಗೆ, ಮನೆಯ ಜಗಲಿಯಲ್ಲಿ. ಅಳಿಯ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು, ಕೇಬಲನ್ನು ಗೇಟಿನ ಮೂಲಕ ಒಳಗೆ ಎಳೆದರು. ಕೇಬಲ್ ಜಜ್ಜಿಹೋಗದಿರಲೆಂದು ಗೇಟಿಗೆ ಒಂದು ಇಟ್ಟಿಗೆ ಕೊಟ್ಟರು. ಒಂದು ಗೇಣು ಸಂದಿ.

ಮೊಮ್ಮಗನಿಗೆ ಆಗ ಎರಡೂವರೆ ವರ್ಷ. ಒಂದು ಗೇಣು ಸಂದಿ ಅವನಿಗೆ ರಾಜಬೀದಿ.

ಹಿರಿಯ ಓದುಗರಿಗೆ ನಾನು ವಿವರಿಸಬೇಕಿಲ್ಲ, ಅಳಿಯನ ಮನೆಯಲ್ಲಿ ಮಾವನಾದವನು ಇದು ಹೀಗಾಗಲಿ, ಅದು ಹಾಗಾಗಲಿ ಎನ್ನುವುದು ಅಷ್ಟು ಸುಲಭವಲ್ಲ. ಉಪ್ಪಿನಕಾಯಿಗೆ ಉಪ್ಪು ಹೆಚ್ಚಾಯಿತು ಎನ್ನುವಾಗಲೂ ಯೋಚಿಸಬೇಕು. ನನ್ನ ಹೆಂಡತಿ ಕಣ್ಣಿನಲ್ಲೇ 'ಸುಮ್ಮನಿರಿ' ಎಂದಳು. ನಾನು ಹೋಗಿ ಇಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ.

"ಏನು ಮಾವ, ಬಿಸಿಲಲ್ಲಿ?" ಎಂದರು ಅಳಿಯ.

"ಗೇಟು ಕಾಯುತ್ತಿದ್ದೇನೆ."

"ಎರಡು ಗಂಟೆ ಅಷ್ಟೇ ಮಾವ. ನಾವೆಲ್ಲ ಮನೆಯಲ್ಲೇ ಇದ್ದೀವಲ್ಲ."

"ಈ ಸೆಪ್ಟೆಂಬರ್‌ವರೆಗೆ ನಾನಿರುತ್ತೇನೆ, ಕೂರುತ್ತೇನೆ. ಅದಾದ ಮೇಲೆ ಇಲ್ಲಿ ಯಾರು ಕೂರುತ್ತಾರೆ, ಹೇಳಿ" ಎಂದೆ. ದನಿ ಏರಿಸಲಿಲ್ಲ. ಬ್ಯಾಂಕಿನಲ್ಲಿ ಸ್ಟ್ರಾಂಗ್‌ರೂಮಿಗೆ ಎರಡು ಕೀ ಇರುತ್ತಿದ್ದವು, ಇಬ್ಬರ ಹತ್ತಿರ. ಇಬ್ಬರೂ ಬಾರದೆ ಬಾಗಿಲು ತೆರೆಯುವಂತಿರಲಿಲ್ಲ. ಯಾರ ಮೇಲೂ ಅಪನಂಬಿಕೆಯಿಂದ ಮಾಡಿದ ನಿಯಮವಲ್ಲ ಅದು. ಎಂಥ ಒಳ್ಳೆಯವರಿಗೂ ಒಂದು ದಿನ ಗಮನ ಬೇರೆ ಕಡೆ ಹೋಗುತ್ತದೆ ಎಂದು ಮಾಡಿದ್ದು. ಇಷ್ಟನ್ನು ಹೇಳಿ ಸುಮ್ಮನಾದೆ.

ಅಳಿಯ ಒಂದು ನಿಮಿಷ ಗೇಟನ್ನೇ ನೋಡಿದರು. ಆಮೇಲೆ ಇಟ್ಟಿಗೆ ತೆಗೆದರು. ಗೇಟು 'ಟಕ್' ಎಂದು ಮುಚ್ಚಿತು. ರೋಬಾಟನ್ನು ಪೆಟ್ಟಿಗೆಗೆ ಹಾಕಿಟ್ಟರು. ಎಲೆಕ್ಟ್ರಿಷಿಯನ್ ಸಿಗಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನೂ ಮೊಮ್ಮಗಳೂ ಉದ್ದ ಕೋಲಿನ ಬಲೆಯಿಂದ ಹೂ ತೆಗೆದೆವು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ಕಥೆಯನ್ನು ಅವಳಿಗೆ ಹೇಳಿದ್ದು ಆಗಲೇ. ಬೇಲಿಯ ಒಳಗೇ, ನೀರಿನಿಂದ ದೂರದಲ್ಲಿ, ಕರೆಂಟು ಸೋರಿದರೆ ತಕ್ಷಣ ಕಡಿದುಕೊಳ್ಳುವ ಪ್ಲಗ್ ಬಂತು. ಅದರ ಖರ್ಚನ್ನು ನನ್ನ ಹಾಳೆಯ ಬಲಗಡೆ ಸೇರಿಸಿದಾಗ, ಹಣ ಹಿಂದಿರುಗುವ ಕಾಲ ಇನ್ನೂ ಒಂದು ವರ್ಷ ಮುಂದೆ ಹೋಯಿತು. ಅಳಿಯ ಅದನ್ನು ನೋಡಿ, "ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ ಮಾವ" ಎಂದರು. ನಾನು ಆ ಸಾಲನ್ನು ಹೊಡೆದುಹಾಕಿದೆ. ವೃತ್ತಿಜೀವನದಲ್ಲಿ ಎಂದೂ ಹಾಗೆ ಮಾಡಿದವನಲ್ಲ.

ಆಮೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಸದ್ದಿಲ್ಲ, ಪಿಚಕಾರಿಯೂ ಇಲ್ಲ. ಮೊದಲ ವಾರ ಮೊಮ್ಮಗಳಿಗೆ ಬೇಸರವಾಯಿತು. ಗೋಡೆ ಹತ್ತಿ ನೀರಿನ ಅಂಚಿನಲ್ಲಿ ಅದು ಮೂಗು ತೂರಿಸುವುದನ್ನು ನೋಡಿದ ಮೇಲೆ ಆಮೆಗೂ ಒಂದು ಹೆಸರು ಬಂತು. ಆನೆಮರಿಯನ್ನು ಬಿಡಿಭಾಗಕ್ಕೆಂದು ಪಕ್ಕದ ಬೀದಿಯವರು ಒಯ್ದರು. ಬಾಲ ಮಾತ್ರ ಅವಳ ಆಟಿಕೆ ಡಬ್ಬಿಯಲ್ಲಿದೆ. ನನಗೂ ಕೆಲಸ ತಪ್ಪಲಿಲ್ಲ. ಆಮೆಯನ್ನು ಕೇಬಲಿನಿಂದ ಮೆಲ್ಲಗೆ ಮೇಲಕ್ಕೆ ತಂದು, ಹಿಡಿಕೆ ಹಿಡಿದು ಎತ್ತಿ, ಜಾಲರಿ ತೊಳೆಯುವವರು ಯಾರಾದರೂ ಬೇಕಲ್ಲ?

ಸೆಪ್ಟೆಂಬರಿನಲ್ಲಿ ಊರಿಗೆ ಬಂದೆವು. ನಮ್ಮಲ್ಲಿ ಹಿತ್ತಲ ಈಜುಕೊಳ ಕಡಿಮೆ, ಆದರೆ ನೆಲದಡಿಯ ಸಂಪು ಬಹಳಷ್ಟು ಮನೆಗಳಲ್ಲಿ ಉಂಟು. ಟ್ಯಾಂಕರ್ ನೀರು ಬಿಡುವಾಗ ಮುಚ್ಚಳ ತೆಗೆದು, ಪೈಪು ಇಳಿಬಿಟ್ಟು, 'ಹತ್ತು ನಿಮಿಷ ಅಷ್ಟೇ' ಎಂದು ಒಳಗೆ ಹೋಗುವವರನ್ನು ದಿನವೂ ನೋಡುತ್ತೇನೆ. ಅಜ್ಜ ಅಜ್ಜಿಯರೇ, ಆ ಹತ್ತು ನಿಮಿಷ ಕುರ್ಚಿ ಹಾಕಿಕೊಂಡು ಕೂರಲು ನಮಗಿಂತ ಪುರಸೊತ್ತು ಇರುವವರು ಯಾರಿದ್ದಾರೆ? ಮಕ್ಕಳೇ, ನಿಮ್ಮ ಮನೆಯ ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ ಎಂದು ಇವತ್ತು ಸಂಜೆ ನೋಡಿ. ಇಲ್ಲದಿದ್ದರೆ ಹಾಕಿಸುವವರೆಗೆ ತಾತನನ್ನು ಬಿಡಬೇಡಿ.